ಹಗುರದ ಜೋಡು, ಭಾರದ ಜೋಡು

ಕಳೆದ ಬೇಸಿಗೆಯಲ್ಲಿ, ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುವ ಕಾಲದಲ್ಲಿ, ನನ್ನ ತಮ್ಮನ ಮಗ ಗುಂಡ್ಲುಪೇಟೆಯಿಂದ ಬಂದು ಚಾಮರಾಜನಗರದ ನಮ್ಮ ಮನೆಯಲ್ಲಿ ನಾಲ್ಕು ದಿನ ಇದ್ದ. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುವ ಹುಡುಗ. ಬಂದ ದಿನದಿಂದ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಅದೇನೋ ಯುದ್ಧದ ಆಟ ಆಡುತ್ತಿದ್ದ. ನಾನು ಹಜಾರದಲ್ಲಿ ಕಾಲು ನೀಡಿ ಕುಳಿತು ಹುಣಸೆಹಣ್ಣಿನ ನಾರು ಬಿಡಿಸುತ್ತಿದ್ದೆ. ಇದ್ದಕ್ಕಿದ್ದಂತೆ ತಲೆಯೆತ್ತಿ ಕೇಳಿದ: "ಅತ್ತೆ, ನೀವು ಹಿಸ್ಟರಿ ಟೀಚರ್ ಆಗಿದ್ದೋರು. ಒಂದು ಹೇಳಿ. ಹಗುರದ ಕವಚ ತಗೊಳ್ಳಲಾ, ಭಾರದ್ದು ತಗೊಳ್ಳಲಾ?"

"ಯಾವ ಕವಚವಪ್ಪಾ? ಶಿವಕವಚವೋ, ನಾರಾಯಣಕವಚವೋ? ಎರಡೂ ನಾಲಿಗೆಗೆ ಭಾರವೇ" ಎಂದೆ.

ಅವನು ಹಣೆ ಚಚ್ಚಿಕೊಂಡು ಆಟವನ್ನು ವಿವರಿಸಿದ. ಆಟದೊಳಗೆ ಅವನದೊಬ್ಬ ಆಳು ಇದ್ದಾನೆ. ಕೋಟೆ, ಕಾಡು, ಗುಹೆ ಸುತ್ತುತ್ತಾ ರಾಕ್ಷಸರ ಜೊತೆ ಹೊಡೆದಾಡುತ್ತಾನೆ. ಗಳಿಸಿದ ಚಿನ್ನದಲ್ಲಿ ಅವನಿಗೆ ಕವಚ ಕೊಳ್ಳಬೇಕು. "ಹಗುರದ್ದು ಹಾಕ್ಕೊಂಡ್ರೆ ಓಡಬಹುದು, ಏಟು ತಪ್ಪಿಸ್ಕೋಬಹುದು. ಆದರೆ ಒಂದು ಏಟು ಸರಿಯಾಗಿ ಬಿತ್ತು ಅಂದ್ರೆ ಮುಗೀತು. ಭಾರದ್ದು ಹಾಕ್ಕೊಂಡ್ರೆ ಹತ್ತು ಏಟು ತಡ್ಕೋತಾನೆ, ಆದರೆ ಎಮ್ಮೆ ಥರ ನಡೀತಾನೆ. ಸದ್ದು ಬೇರೆ, ಕಳ್ಳಹೆಜ್ಜೆ ಇಡೋಕಾಗಲ್ಲ."

ನಗು ಬಂತು. ಆದರೆ ಅವನ ಪ್ರಶ್ನೆ ಹುಣಸೆನಾರಿನ ಹಾಗೆ ಬೆರಳಿಗೆ ಅಂಟಿಕೊಂಡೇ ಉಳಿಯಿತು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿದವಳು ನಾನು. ಯಾವ ಯುದ್ಧ, ಯಾರು ಯಾರ ನಡುವೆ, ಯಾವ ಇಸವಿ, ಪರಿಣಾಮಗಳೇನು, ಐದು ಅಂಕ. ಇಷ್ಟೇ ಹೇಳಿದ್ದು. ಆ ಯುದ್ಧಗಳಲ್ಲಿ ಸತ್ತವರು ಮೈಮೇಲೆ ಏನು ತೊಟ್ಟಿದ್ದರು ಎಂದು ಒಂದು ದಿನವೂ ಮಕ್ಕಳಿಗೆ ಹೇಳಿರಲಿಲ್ಲ. ನನಗೂ ತೋಚಿರಲಿಲ್ಲ. ಸೀರೆಯಲ್ಲಿ ಜರಿಯ ಭಾರ ಎಷ್ಟು, ಬೇಸಿಗೆಯ ಮದುವೆಗೆ ರೇಷ್ಮೆ ಉಡಬೇಕೋ ಹತ್ತಿ ಉಡಬೇಕೋ ಎಂದು ಗಂಟೆಗಟ್ಟಲೆ ಯೋಚಿಸುವ ಹೆಂಗಸರಾದ ನಮಗೇ ಇದು ಹೊಳೆಯಲಿಲ್ಲವಲ್ಲ!

ಮೊದಲು ಮಾತಿನಿಂದಲೇ ಶುರುಮಾಡುತ್ತೇನೆ. ಜೋಡು ಎಂದರೆ ನಮಗೆ ಈಗ ಜೊತೆ, ಇಲ್ಲವೇ ಕಾಲಿಗೆ ಮೆಟ್ಟುವ ಚಪ್ಪಲಿ. ಹಿಂದಿನ ಕಾವ್ಯಗಳಲ್ಲಿ ಅದೇ ಮಾತಿಗೆ ಯುದ್ಧದ ಕವಚ ಎಂಬ ಅರ್ಥವಿದೆ. ತಲೆಗೆ ಹಾಕುವುದು ಸೀಸಕ. ಮೈಗೆ ತೊಡುವ ಗಟ್ಟಿ ಕವಚ ವಜ್ರಾಂಗಿ. ಕುದುರೆ ಆನೆಗಳಿಗೆ ತೊಡಿಸುವುದು ಹಕ್ಕರಿಕೆ. ಇಷ್ಟೊಂದು ಹೆಸರುಗಳು ಭಾಷೆಯಲ್ಲಿ ಇವೆ ಎಂದರೆ ಆ ವಸ್ತುಗಳನ್ನು ಕಂಡವರು, ಹೊತ್ತವರು, ಬೆವರಿದವರು ಈ ನಾಡಿನಲ್ಲಿ ಇದ್ದರು ಎಂದಾಯಿತು. ಎಲ್ಲಕ್ಕಿಂತ ಹಗುರದ ಕವಚ ಕರ್ಣನದು. ಹುಟ್ಟುವಾಗಲೇ ಮೈಗಂಟಿಕೊಂಡು ಬಂದದ್ದು, ಚರ್ಮದಷ್ಟೇ ತೂಕ. ಅದನ್ನೂ ಕೊಯ್ದು ಕೊಟ್ಟುಬಿಟ್ಟ.

ಪುರಾಣ ಬಿಟ್ಟು ಕಲ್ಲಿಗೆ ಬಂದರೆ ಬೇರೆಯದೇ ಚಿತ್ರ. ನಮ್ಮ ಕಡೆ ಕೆರೆಯ ಏರಿ, ಊರ ಹೆಬ್ಬಾಗಿಲು, ಹೊಲದ ಬದು ಎಲ್ಲೆಂದರಲ್ಲಿ ವೀರಗಲ್ಲುಗಳಿವೆ. ಕೆಳಗಿನ ಅಂಕಣದಲ್ಲಿ ಹೋರಾಟ, ಮೇಲಿನದರಲ್ಲಿ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ತುದಿಯಲ್ಲಿ ಶಿವಲಿಂಗದ ಮುಂದೆ ಅವನು ಕೈಮುಗಿದು ಕುಳಿತಿರುವುದು. ತುರು ಕಳ್ಳರ ಜೊತೆ ಹೋರಾಡಿ ಸತ್ತವರ ಕಲ್ಲುಗಳೇ ಬೇಕಾದಷ್ಟು. ಒಮ್ಮೆ ಒಂಬತ್ತನೇ ತರಗತಿಯ ಮಕ್ಕಳನ್ನು ಕರೆದುಕೊಂಡು ಹೋಗಿ ಕೆರೆ ಏರಿಯ ಮೇಲಿನ ಅಂಥದೊಂದು ಕಲ್ಲು ತೋರಿಸಿದ್ದೆ. ಸೊಂಟಕ್ಕೆ ಬಿಗಿದ ತುಂಡುಬಟ್ಟೆ, ಎತ್ತಿ ಕಟ್ಟಿದ ತುರುಬು, ಕೈಯಲ್ಲಿ ಬಿಲ್ಲು, ನಡುವಿನಲ್ಲಿ ಚೂರಿ. ಅಷ್ಟೇ. ಒಬ್ಬ ಹುಡುಗಿ ಕೇಳಿದಳು, "ಮಿಸ್, ಇವನು ಅಂಗಿ ಯಾಕೆ ಹಾಕ್ಕೊಂಡಿಲ್ಲ?" "ಆಗಿನ ಕಾಲದಲ್ಲಿ ಹಾಗೇ" ಎಂದು ತೇಲಿಸಿಬಿಟ್ಟೆ. ಈಗ ಅನ್ನಿಸುತ್ತದೆ, ಅವಳು ಕೇಳಿದ್ದು ಒಳ್ಳೆಯ ಪ್ರಶ್ನೆ. ದನ ಹೊಡೆದುಕೊಂಡು ಹೋಗುತ್ತಿದ್ದಾರೆ ಎಂದು ಕೂಗು ಕೇಳಿ ಎದ್ದು ಓಡಿದವನಿಗೆ ಹಗುರವೋ ಭಾರವೋ ಎಂದು ಆರಿಸುವ ಹೊತ್ತೆಲ್ಲಿತ್ತು? ಹೊತ್ತಿದ್ದರೂ ಕಬ್ಬಿಣ ಎಲ್ಲಿತ್ತು? ನನ್ನ ಸೋದರಳಿಯನ ಆಟದಲ್ಲಿ ಎಲ್ಲರಿಗೂ ಅಂಗಡಿಯಿದೆ, ಗಳಿಸಿದರೆ ಚಿನ್ನವಿದೆ. ಚರಿತ್ರೆಯಲ್ಲಿ ಆರಿಸಿಕೊಳ್ಳುವ ಭಾಗ್ಯ ಇದ್ದದ್ದು ಕುದುರೆ ಇದ್ದವನಿಗೆ ಮಾತ್ರ.

ಕುದುರೆ ಇದ್ದವರ ವಿಷಯಕ್ಕೆ ಬರೋಣ. ಚಾಮರಾಜನಗರ ತಾಲ್ಲೂಕಿನ ಉಮ್ಮತ್ತೂರು ಈಗ ಸಣ್ಣ ಊರು. ಐನೂರು ವರ್ಷದ ಹಿಂದೆ ಅಲ್ಲಿನ ಪಾಳೆಯಗಾರರು ವಿಜಯನಗರಕ್ಕೇ ತೊಡೆ ತಟ್ಟಿದ್ದರು. ಕೃಷ್ಣದೇವರಾಯ ಪಟ್ಟಕ್ಕೆ ಬಂದ ಮೊದಲ ವರ್ಷಗಳಲ್ಲೇ ದಂಡೆತ್ತಿ ಬಂದು ಉಮ್ಮತ್ತೂರಿನ ಗಂಗರಾಜನನ್ನು ಸೋಲಿಸಿ ಶಿವನಸಮುದ್ರವನ್ನು ಹಿಡಿದ. ಗಂಗರಾಜ ಓಡುವಾಗ ಕಾವೇರಿಯಲ್ಲಿ ಮುಳುಗಿ ಸತ್ತ. ಆ ರಾಯನ ಸೈನ್ಯ ಏನು ತೊಟ್ಟಿತ್ತು ಎಂಬುದನ್ನು ಇಬ್ಬರು ಪೋರ್ಚುಗೀಸರು ಬರೆದಿಟ್ಟಿದ್ದಾರೆ. ಒಬ್ಬ ಡೊಮಿಂಗೊ ಪಾಯಸ್, 1520ರ ಸುಮಾರಿಗೆ ವಿಜಯನಗರ ಕಂಡವನು. ಇನ್ನೊಬ್ಬ ನ್ಯೂನಿಜ್, ಕುದುರೆ ವ್ಯಾಪಾರಿ. ಮಹಾನವಮಿಯ ಮೆರವಣಿಗೆಯಲ್ಲಿ ಸವಾರರು ತೊಟ್ಟದ್ದು ಮೇಲೆ ಜರತಾರಿ, ಮಖಮಲ್ಲು, ರೇಷ್ಮೆ. ಒಳಗೆ ಹಸಿಚರ್ಮದ ಪದರಗಳು, ಅದಕ್ಕೆ ಸೇರಿಸಿದ ಕಬ್ಬಿಣದ ತಗಡುಗಳು. ಕೆಲವು ತಗಡುಗಳಿಗೆ ಚಿನ್ನದ ಲೇಪ, ಕೆಲವು ಬೆಳ್ಳಿಯವೇ. ಇದು ಹಬ್ಬದ ಅಲಂಕಾರ. 1520ರ ರಾಯಚೂರು ಯುದ್ಧಕ್ಕೆ ಹೊರಟ ದಂಡಿನ ಬಗ್ಗೆ ನ್ಯೂನಿಜ್ ಹೇಳುವುದು ಬೇರೆ. ಬಿಲ್ಲುಗಾರರಿಗೂ ಬಂದೂಕಿನವರಿಗೂ ಹತ್ತಿ ತುಂಬಿ ಹೊಲಿದ ದಪ್ಪ ಅಂಗಿ. ಸವಾರರ ತಲೆಗೂ ಹತ್ತಿ ತುಂಬಿ ಹೊಲಿದ ಟೊಪ್ಪಿಗೆ. ಗುರಾಣಿಯವರಿಗೆ ಕವಚವೇ ಇಲ್ಲ, ಗುರಾಣಿಯೇ ಮೈಯನ್ನೆಲ್ಲ ಮುಚ್ಚುವಷ್ಟು ದೊಡ್ಡದು.

ಇದನ್ನು ಓದಿ ನಾನು ಎದ್ದು ಹೋಗಿ ಅಟ್ಟದ ಪೆಟ್ಟಿಗೆ ತೆಗೆದೆ. ಅದರಲ್ಲಿ ನಮ್ಮಜ್ಜಿ ಹೊಲಿದ ಬೊಂತೆಯಿದೆ. ಉತ್ತರ ಕರ್ನಾಟಕದವರು ಕೌದಿ ಎನ್ನುತ್ತಾರೆ, ನಮ್ಮ ಕಡೆ ಬೊಂತೆ. ಹಳೆಯ ಸೀರೆ, ಪಂಚೆ, ತಾತನ ಹರಿದ ಅಂಗಿ ಎಲ್ಲವನ್ನೂ ಒಂದರ ಮೇಲೊಂದು ಹಾಸಿ, ಬೆರಳ ಅಗಲಕ್ಕೆ ಒಂದೊಂದು ಸಾಲಿನಂತೆ ಒತ್ತಾಗಿ ಹೊಲಿದದ್ದು. ಅಂಚಿಗೆ ಬರುವಾಗ ಸೂಜಿ ಇಳಿಯದೆ ಅಜ್ಜಿ ದಬ್ಬಳ ಹಿಡಿಯುತ್ತಿದ್ದಳು. ಅದನ್ನು ಎಂಟು ಮಡಿಕೆ ಮಾಡಿ ಮಣೆಯ ಮೇಲಿಟ್ಟು ಹುಡುಗನ ಕೈಗೆ ತರಕಾರಿ ಹೆಚ್ಚುವ ಚಾಕು ಕೊಟ್ಟು, "ಚುಚ್ಚು" ಎಂದೆ. "ಅಜ್ಜಿಯ ಬೊಂತೆ ಹಾಳಾಗುತ್ತೆ ಅತ್ತೆ" ಎಂದ. "ಹಾಳಾಗಲಿ, ಚುಚ್ಚು." ಹುಡುಗ ಮೈಭಾರ ಬಿಟ್ಟು ಒತ್ತಿದ. ಚಾಕುವಿನ ತುದಿ ಎರಡು ಮೂರು ಮಡಿಕೆ ಇಳಿದು ನಿಂತಿತು. ಮತ್ತೆ ಒತ್ತಿದರೆ ಚಾಕುವೇ ಬಗ್ಗಿತು. ಅವನ ಮುಖ ನೋಡಬೇಕಿತ್ತು!

ಮರ್ಮ ಇಷ್ಟೇ. ಒಂದು ಪದರ ಬಟ್ಟೆ ಹರಿಯುತ್ತದೆ. ಹತ್ತು ಪದರ ಸೇರಿಸಿ ಒತ್ತಾಗಿ ಹೊಲಿದರೆ ಏಟಿನ ಬಲ ಪದರದಿಂದ ಪದರಕ್ಕೆ ಹಂಚಿಹೋಗುತ್ತದೆ. ನೂಲು ಜರುಗಿ, ಕತ್ತಿಯ ಬಾಯಿಗೆ ಸಿಕ್ಕಿಕೊಂಡು ಅದನ್ನು ಹಿಡಿದು ನಿಲ್ಲಿಸುತ್ತದೆ. ಬಾಣದ ಕಥೆಯೂ ಅದೇ. ಹಾಗೆಂದು ಕುಂದಿಲ್ಲವೆಂದಲ್ಲ. ಮಳೆಯಲ್ಲಿ ನೆನೆದರೆ ಒದ್ದೆ ಬೊಂತೆಯನ್ನು ಒಗೆಯುವ ಕಲ್ಲಿನಿಂದ ಎತ್ತಿದವರಿಗೇ ಗೊತ್ತು ಅದರ ಭಾರ. ಹೇನು, ಕೂರೆ ತುಂಬುತ್ತವೆ. ಮದ್ದಿನ ಕಿಡಿ ಬಿದ್ದರೆ ಹೊತ್ತಿಕೊಳ್ಳುತ್ತದೆ. ಆ ಬೊಂತೆಯನ್ನೇ ಹುಡುಗನ ಹೆಗಲಿಗೆ ಹೊದಿಸಿ ಏಪ್ರಿಲ್ ತಿಂಗಳ ಮಧ್ಯಾಹ್ನದಲ್ಲಿ ಅಂಗಳದಲ್ಲಿ ಹತ್ತು ಸುತ್ತು ಹಾಕಿಸಿದೆ. ಐದಕ್ಕೇ ಸಾಕಪ್ಪ ಎಂದ. "ಇದು ನಿನ್ನ ಹಗುರದ ಕವಚ" ಎಂದೆ.

ಭಾರದ್ದು ಎಂದರೆ ಉಂಗುರಗಳ ಅಂಗಿ. ಒಂದೊಂದು ಕಬ್ಬಿಣದ ಉಂಗುರವನ್ನೂ ಅಕ್ಕಪಕ್ಕದ ನಾಲ್ಕಕ್ಕೆ ಕೊಂಡಿಹಾಕಿ ಹೆಣೆದದ್ದು. ಒಂದು ಅಂಗಿಗೆ ಸಾವಿರಾರು ಉಂಗುರ ಬೇಕು, ಹತ್ತು ಕಿಲೋ ತೂಗುತ್ತದೆ. ಬಿಜಾಪುರದ ಸುಲ್ತಾನರ ಕಾಲದಲ್ಲಿ ಸರದಾರರು ಅದರ ಮೇಲೆ ಎದೆ, ಬೆನ್ನು, ಎರಡು ಪಕ್ಕೆಗಳಿಗೆ ನಾಲ್ಕು ಉಕ್ಕಿನ ಫಲಕ ಕಟ್ಟಿಕೊಳ್ಳುತ್ತಿದ್ದರು. ಹೊಳೆಯುವಂತೆ ಉಜ್ಜಿದ ಆ ಫಲಕಗಳಿಗೆ ನಾಲ್ಕು ಕನ್ನಡಿ ಎಂಬ ಅರ್ಥದ ಹೆಸರು, ಚಾರ್ ಆಯಿನಾ. ಯೂರೋಪಿನವರು ಹದಿನೈದನೇ ಶತಮಾನದ ಹೊತ್ತಿಗೆ ತಲೆಯಿಂದ ಕಾಲಿನವರೆಗೆ ಉಕ್ಕಿನ ತಗಡಿನಲ್ಲೇ ಅಡಗಿದರು. ಅವರನ್ನು ರಾಟೆ ಕಟ್ಟಿ ಕುದುರೆಯ ಮೇಲೆ ಕೂರಿಸಬೇಕಾಗಿತ್ತು ಎಂದು ನಾವು ಓದಿದ್ದೆಲ್ಲ ಸುಳ್ಳು. ಒಟ್ಟು ಇಪ್ಪತ್ತು, ಇಪ್ಪತ್ತೈದು ಕಿಲೋ, ಅದೂ ಮೈಯೆಲ್ಲ ಹಂಚಿಕೊಂಡಿರುತ್ತಿತ್ತು. ಎರಡು ಕೊಡ ನೀರು ಹೊತ್ತು ಏರಿ ಹತ್ತಿದ ನಮ್ಮ ತಾಯಂದಿರು ಅದನ್ನು ಕೇಳಿ ನಕ್ಕಾರು. ಆದರೆ ಕೆಸರು ಬಂದಾಗ ಬೇರೆ ಕಥೆ. 1415ರಲ್ಲಿ ಅಜಿನ್‌ಕೋರ್ಟ್ ಎಂಬಲ್ಲಿ ಫ್ರೆಂಚ್ ಸರದಾರರು ಆ ಉಕ್ಕು ತೊಟ್ಟು ಉತ್ತ ಹೊಲದ ಕೆಸರಿನಲ್ಲಿ ಸಿಕ್ಕಿ ಬಿದ್ದರು. ಹಗುರವಾಗಿದ್ದ ಇಂಗ್ಲಿಷ್ ಬಿಲ್ಲುಗಾರರು ಅವರ ಮೇಲೆ ನುಗ್ಗಿದರು.

ನನಗೆ ಹೊಸದಾಗಿ ತಿಳಿದ ಸಂಗತಿ ಇನ್ನೊಂದು. ಉಂಗುರದಂಗಿಯನ್ನು ಬರಿಮೈಗೆ ತೊಡುವ ಹಾಗೇ ಇಲ್ಲ. ಕತ್ತಿ ಸೀಳದೆ ಇರಬಹುದು, ಆದರೆ ಹೊಡೆತಕ್ಕೆ ಒಳಗಿನ ಎಲುಬು ಮುರಿಯುತ್ತದೆ. ಅದಕ್ಕೆ ಯೂರೋಪಿನವರೂ ಕಬ್ಬಿಣದ ಕೆಳಗೆ ದಪ್ಪ ಹೊಲಿಗೆಯ ಅಂಗಿ ತೊಡುತ್ತಿದ್ದರು. ಅಂದರೆ ಭಾರದ ಕವಚದ ಒಳಗೂ ಹಗುರದ್ದು ಇರಲೇಬೇಕು. ಬೊಂತೆ ಒಂದೇ ಇದ್ದರೂ ನಡೆದೀತು, ಕಬ್ಬಿಣ ಒಂದೇ ಇದ್ದರೆ ನಡೆಯದು. ಇದನ್ನು ಹುಡುಗನಿಗೆ ಹೇಳಿದರೆ, "ಗೇಮಲ್ಲಿ ಎರಡೂ ಒಟ್ಟಿಗೆ ಹಾಕೋಕೆ ಬಿಡಲ್ಲ ಅತ್ತೆ" ಎಂದ. ಆಟ ಮಾಡಿದವರಿಗೆ ಬುದ್ಧಿ ಸಾಲದು.

ಮೈಸೂರಿನ ಒಡೆಯರಲ್ಲಿ ಮೈಯೇ ಕವಚವಾಗಿದ್ದವನು ರಣಧೀರ ಕಂಠೀರವ ನರಸರಾಜ ಒಡೆಯರ್. ಆಳಿದ್ದು 1638ರಿಂದ 1659ರವರೆಗೆ. ಪಟ್ಟಕ್ಕೆ ಬಂದ ಹೊಸದರಲ್ಲೇ ಬಿಜಾಪುರದ ರಣದುಲ್ಲಾ ಖಾನ ಶ್ರೀರಂಗಪಟ್ಟಣವನ್ನು ಮುತ್ತಿದಾಗ ಅವನನ್ನು ಹಿಮ್ಮೆಟ್ಟಿಸಿದವನು. ಅದಕ್ಕೂ ಮೊದಲಿನ ಕಥೆ ನಿಮಗೆಲ್ಲ ಗೊತ್ತು. ತಿರುಚಿನಾಪಳ್ಳಿಯ ಜಟ್ಟಿಯೊಬ್ಬ ತನ್ನ ಚಲ್ಲಣವನ್ನು ಊರ ಬಾಗಿಲಿಗೆ ಕಟ್ಟಿಸಿದ್ದನಂತೆ, ಗೆಲ್ಲಲಾಗದವರು ಅದರ ಕೆಳಗೆ ನುಸುಳಿ ಹೋಗಲಿ ಎಂದು. ಕಂಠೀರವ ಮಾರುವೇಷದಲ್ಲಿ ಹೋಗಿ ಅವನನ್ನು ಮುಗಿಸಿ, ಗುರುತು ಸಿಗುವ ಮೊದಲೇ ರಾತ್ರೋರಾತ್ರಿ ಹಿಂತಿರುಗಿದ. ಆಮೇಲೆ ತಿರುಚಿನಾಪಳ್ಳಿಯವರು ಕಳಿಸಿದ ಕೊಲೆಗಡುಕರನ್ನೂ ಅರಮನೆಯಲ್ಲಿ ಒಬ್ಬನೇ ಎದುರಿಸಿದ ಎನ್ನುತ್ತಾರೆ. ಅವನದೆನ್ನುವ ನಿಮ್ಚಾ ಕತ್ತಿ ಮೈಸೂರು ಅರಮನೆಯ ಆಯುಧ ಸಂಗ್ರಹದಲ್ಲಿದೆ. ಸೊಂಟಕ್ಕೆ ಪಟ್ಟಿಯ ಹಾಗೆ ಸುತ್ತಿಕೊಳ್ಳಬಹುದಾದಷ್ಟು ಬಳುಕುವ ಕತ್ತಿ. ಯಾರಿಗೂ ಕಾಣದಂತೆ ಉಟ್ಟುಕೊಂಡು ಹೋಗುವ ಆಯುಧ ಬೇಕಾದವನಿಗೆ ಉಕ್ಕಿನ ಕವಚ ಏತಕ್ಕೆ?

1960ರಲ್ಲಿ ಬಂದ ಸಿನಿಮಾದಲ್ಲಿ ರಾಜ್‌ಕುಮಾರ್ ಈ ಕಂಠೀರವನಾಗಿದ್ದರು. ನಾವು ಅದನ್ನು ಗುಂಡ್ಲುಪೇಟೆಯ ಟೆಂಟಿನಲ್ಲಿ, ಬಹಳ ವರ್ಷಗಳ ಮೇಲೆ, ಮರಳಿನ ಮೇಲೆ ಕುಳಿತು ನೋಡಿದ್ದೆವು. ನನ್ನ ತಮ್ಮ ಆಗ ತೊಟ್ಟಿಲ ಮಗುವಲ್ಲದಿದ್ದರೂ ನನ್ನ ತೊಡೆ ಬಿಡುತ್ತಿರಲಿಲ್ಲ. ಆ ರಾಜ್‌ಕುಮಾರರನ್ನೇ 2000ದ ಜುಲೈ 30ರ ರಾತ್ರಿ, ನಮ್ಮಿಂದ ಗಡಿಯಾಚೆ ಕೂಗಳತೆಯಲ್ಲಿರುವ ಗಾಜನೂರಿನ ಮನೆಯಿಂದ ವೀರಪ್ಪನ್ ಕರೆದುಕೊಂಡು ಹೋದ. 108 ದಿನ ಅವರು ಕಾಡಿನಲ್ಲಿದ್ದರು. ತೆರೆಯ ಮೇಲೆ ಅದೆಷ್ಟು ಕಿರೀಟ, ಎದೆಗವಚ ತೊಟ್ಟಿದ್ದ ಮನುಷ್ಯ! ಬಂದೂಕಿನ ಎದುರು ನಡೆದದ್ದು ಬಿಳಿ ಪಂಚೆ, ಬಿಳಿ ಅಂಗಿಯಲ್ಲಿ. ಆ ದಿನಗಳಲ್ಲಿ ಚಾಮರಾಜನಗರದಲ್ಲಿ ಬಸ್ಸು ನಿಂತು, ಅಂಗಡಿ ಮುಚ್ಚಿ, ನಾವು ಬಾಗಿಲು ಹಾಕಿಕೊಂಡು ಕುಳಿತಿದ್ದೆವು.

ಕಂಠೀರವನ ನಂತರದ ದೊಡ್ಡ ಹೆಸರು ಚಿಕ್ಕದೇವರಾಜ ಒಡೆಯರ್. ನಮ್ಮವನೇ ಎನ್ನಬೇಕು. ಬಂಡೀಪುರಕ್ಕೆ ಹೋಗುವ ದಾರಿಯ ಹಂಗಳದಲ್ಲಿ ಅವನ ಎಳೆಯ ದಿನಗಳು ಕಳೆದವು. ಗುಂಡ್ಲುಪೇಟೆಯ ಪರವಾಸುದೇವ ದೇವಸ್ಥಾನ ಅವನು ತಂದೆಯ ನೆನಪಿಗೆ ಕಟ್ಟಿಸಿದ್ದು. ಯುದ್ಧದ ಸಾಮಾನು ಎಳೆಯಲು ಎತ್ತುಗಳ ತಳಿ ಬೆಳೆಸಿದ ಬೆಣ್ಣೆ ಚಾವಡಿ ಅವನ ಕಾಲದ್ದು. ಟಿಪ್ಪು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟ. ಮೈಸೂರಿನ ದೊರೆಗಳಿಗೆ ಬೇಕಾದದ್ದು ಬೇಗ ಹೋಗುವುದು. ಹೈದರಾಲಿ 1769ರಲ್ಲಿ ಬರೀ ಸವಾರರನ್ನು ಕಟ್ಟಿಕೊಂಡು, ಹಿಂದಿನ ದಂಡನ್ನೆಲ್ಲ ಬಿಟ್ಟು, ಇನ್ನೂರು ಕಿಲೋಮೀಟರಿಗೂ ಮಿಕ್ಕ ದಾರಿಯನ್ನು ಮೂರೂವರೆ ದಿನದಲ್ಲಿ ಓಡಿ ಮದ್ರಾಸಿನ ಬಾಗಿಲಿಗೆ ನಿಂತ. ಇಂಗ್ಲಿಷರು ಒಪ್ಪಂದಕ್ಕೆ ಬಂದರು. 1790ರ ಸೆಪ್ಟೆಂಬರಿನಲ್ಲಿ ಟಿಪ್ಪು ನಮ್ಮ ಪಕ್ಕದ ಗಜಲಹಟ್ಟಿ ಕಣಿವೆ ಇಳಿದು ಸತ್ಯಮಂಗಲದ ಬಳಿ ಕರ್ನಲ್ ಫ್ಲಾಯ್ಡ್‌ನ ಮೇಲೆ ಬಿದ್ದ. ಕಲ್ಲು, ಮುಳ್ಳು, ಇಳಿಜಾರು. ಆ ದಾರಿಯಲ್ಲಿ ತಲೆಯಿಂದ ಕಾಲಿನವರೆಗೆ ಕಬ್ಬಿಣ ಹೇರಿಕೊಂಡವನು ನೀರಿಗೆ ಬಾಯಿ ಬಿಟ್ಟು ಅರ್ಧದಲ್ಲೇ ಕೂರುತ್ತಿದ್ದ. ಹಗುರವೋ ಭಾರವೋ ಎಂಬುದನ್ನು ನಮ್ಮ ಸೀಮೆಯಲ್ಲಿ ತೀರ್ಮಾನ ಮಾಡಿದ್ದು ಧೈರ್ಯವೂ ಅಲ್ಲ, ಹೇಡಿತನವೂ ಅಲ್ಲ. ಬಿಸಿಲು, ಘಾಟಿ, ಹೋಗಬೇಕಾದ ದೂರ.

ಟಿಪ್ಪುವಿನದೆನ್ನುವ, ಬಟ್ಟೆಯನ್ನು ಪದರ ಪದರ ಸೇರಿಸಿ ಹೊಲಿದ ಕವಚ ಮತ್ತು ಶಿರಸ್ತ್ರಾಣಗಳು ಈಗ ಬ್ರಿಟನ್ನಿನ ಸಂಗ್ರಹಗಳಲ್ಲಿವೆ. ಆದರೆ 1799ರ ಮೇ 4ರ ಮಧ್ಯಾಹ್ನ, ಊಟಕ್ಕೆ ಕುಳಿತಿದ್ದಾಗ ಕೋಟೆ ಒಡೆಯಿತೆಂಬ ಸುದ್ದಿ ಕೇಳಿ ಎದ್ದು ಹೋದ ಸುಲ್ತಾನನ ಮೈಮೇಲೆ ಅಂಥದ್ದು ಇರಲಿಲ್ಲ. ರಾತ್ರಿ ದೀವಟಿಗೆ ಹಿಡಿದು ಹೆಣಗಳ ರಾಶಿಯಲ್ಲಿ ಹುಡುಕಿದವರು ಕಂಡದ್ದು ತೆಳುವಾದ ಬಿಳಿ ಅಂಗಿ, ಹೂವಿನ ಚಿತ್ತಾರದ ಚೀಟಿ ಬಟ್ಟೆಯ ಇಜಾರ, ನಡುವಿಗೆ ಕೆಂಪು ಪಟ್ಟಿ, ತೋಳಿಗೆ ಕಟ್ಟಿದ ತಾಯಿತ. ಮುಂಡಾಸು ಎಲ್ಲೋ ಬಿದ್ದುಹೋಗಿತ್ತು.

ಗುಂಡಿನ ಮುಂದೆ ಬೊಂತೆಯೂ ನಿಲ್ಲಲಿಲ್ಲ, ಉಕ್ಕೂ ನಿಲ್ಲಲಿಲ್ಲ. ಉಕ್ಕನ್ನು ದಪ್ಪ ಮಾಡುತ್ತಾ ಹೋಗಿ ಹೊರಲಾರದಷ್ಟಾದಾಗ ಸೈನಿಕರು ಅದನ್ನು ಬಿಸಾಡಿದರು. ಮಜಾ ಎಂದರೆ ಮತ್ತೆ ಬಂದದ್ದು ಬಟ್ಟೆಯೇ. 1890ರ ದಶಕದಲ್ಲಿ ಶಿಕಾಗೋದಲ್ಲಿದ್ದ ಕಾಸಿಮಿರ್ ಜೆಗ್ಲೆನ್ ಎಂಬ ಪೋಲೆಂಡಿನ ಪಾದ್ರಿ ರೇಷ್ಮೆಯ ಪದರಗಳಿಂದ ಅಂಗಿ ಮಾಡಿ, ತಾನೇ ತೊಟ್ಟು ನಿಂತು, ಜನರ ಮುಂದೆ ಪಿಸ್ತೂಲಿನಿಂದ ಹೊಡೆಸಿಕೊಂಡು ತೋರಿಸಿದ. ಕೊಳ್ಳೇಗಾಲದ ರೇಷ್ಮೆ ಸೀರೆ ಉಡುವ ನಮಗೆ ಇದು ಗೊತ್ತಿರಬೇಡವೇ? 1965ರಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪೆನಿಯಲ್ಲಿ ಸ್ಟೆಫನಿ ಕ್ವೊಲೆಕ್ ಎಂಬ ಹೆಣ್ಣುಮಗಳು ಒಂದು ಹೊಸ ನೂಲನ್ನು ಕಂಡುಹಿಡಿದಳು. ಅದು ಕೆವ್ಲಾರ್. ತೂಕಕ್ಕೆ ತೂಕ ಉಕ್ಕಿಗಿಂತ ಗಟ್ಟಿ. ಅದನ್ನು ನೇಯ್ದು ಪದರ ಪದರವಾಗಿ ಸೇರಿಸಿದ್ದೇ ಪೊಲೀಸರು, ಸೈನಿಕರು ತೊಡುವ ಗುಂಡು ನಿರೋಧಕ ಅಂಗಿ. ಬಾಲ್ಯದಲ್ಲಿ ತಾಯಿಯಿಂದ ಹೊಲಿಗೆಯ ಆಸೆ ಹತ್ತಿಸಿಕೊಂಡವಳಂತೆ ಈಕೆ. ನಮ್ಮಜ್ಜಿಗೆ ಹೇಳಿದ್ದರೆ, "ಅಯ್ಯೋ, ಬೊಂತೆ ತಾನೆ!" ಎನ್ನುತ್ತಿದ್ದಳು.

ಇಷ್ಟನ್ನೆಲ್ಲ ನಾಲ್ಕು ದಿನ ಹುಡುಗನ ಕಿವಿಗೆ ಹಾಕಿದ್ದಕ್ಕೆ ಕಾರಣವಿತ್ತು. ಅವನು ಬಂದದ್ದು ಹುಣಸೆಹಣ್ಣು ತಿನ್ನುವುದಕ್ಕಲ್ಲ. ಅವನಿಗೆ ಬೈಕ್ ಬೇಕಾಗಿತ್ತು. ಅಪ್ಪ ಹೂಂ ಎನ್ನಲೂ ಇಲ್ಲ, ಊಹೂಂ ಎನ್ನಲೂ ಇಲ್ಲ, "ನಿಮ್ಮತ್ತೆಯನ್ನು ಕೇಳು" ಎಂದು ಕಳಿಸಿದ್ದ.

ನನ್ನ ತಮ್ಮ ಗುಂಡ್ಲುಪೇಟೆಯ ಹತ್ತಿರ ಹೊಲ ಮಾಡಿಕೊಂಡಿದ್ದಾನೆ. ಮುಂಗಾರಿನಲ್ಲಿ ಆ ಕಡೆ ಹೋದರೆ ರಸ್ತೆಯ ಎರಡೂ ಬದಿ ಸೂರ್ಯಕಾಂತಿ, ಚೆಂಡುಹೂವು. ಕೇರಳದವರು ಕಾರು ನಿಲ್ಲಿಸಿ ಫೋಟೋ ತೆಗೆದುಕೊಳ್ಳುತ್ತಾರೆ. 2011ರಲ್ಲಿ ಒಂದು ಸಂಜೆ ಅವನು ಗುಂಡ್ಲುಪೇಟೆಯಿಂದ ತೆರಕಣಾಂಬಿ ಮೇಲೆ ನಮ್ಮ ಮನೆಗೆ ಬರುತ್ತಿದ್ದ. ತಲೆಯ ಮೇಲೆ ಇದ್ದದ್ದು ರಸ್ತೆ ಬದಿಯಲ್ಲಿ ಕೊಂಡ ಅರ್ಧ ಹೆಲ್ಮೆಟ್, ಬೋಗುಣಿ ಕವುಚಿ ಹಾಕಿದ ಹಾಗೆ. ಪೊಲೀಸರ ಕಣ್ಣಿಗೆ ಸಾಕಲ್ಲ! "ದೊಡ್ಡದು ಭಾರ ಅಕ್ಕ, ಸೆಕೆ. ಹಿಂದಿನ ಗಾಡಿ ಸದ್ದೂ ಕೇಳಲ್ಲ" ಎನ್ನುತ್ತಿದ್ದ. ಕಬ್ಬಿನ ಗದ್ದೆಯಿಂದ ಹಂದಿ ಅಡ್ಡ ಬಂತು. ಕೆಳಗೆ ಬಿದ್ದ ಹೊತ್ತಿಗೆ ಅರ್ಧ ಹೆಲ್ಮೆಟ್ಟಿನ ಪಟ್ಟಿ ಕಿತ್ತು ಅದು ದೂರ ಉರುಳಿತ್ತು. ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿ ಆತಕೂರಿನ ಕಲ್ಲಿದೆ, ಹತ್ತನೇ ಶತಮಾನದ್ದು. ಕಾಳಿ ಎಂಬ ನಾಯಿ ಕಾಡುಹಂದಿಯ ಜೊತೆ ಹೋರಾಡಿ ಎರಡೂ ಸತ್ತ ನೆನಪಿಗೆ ಹಾಕಿಸಿದ ಶಾಸನ. ಪಾಠ ಮಾಡುವಾಗೆಲ್ಲ ಮಕ್ಕಳು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಆ ವರ್ಷದ ನಂತರ ಆ ಪಾಠ ಮಾಡುವಾಗ ಹಂದಿಯ ಸಾಲನ್ನು ಬೇಗ ಮುಗಿಸಿಬಿಡುತ್ತಿದ್ದೆ.

ತಮ್ಮ ಉಳಿದುಕೊಂಡ. ಹನ್ನೊಂದು ದಿನ ಆಸ್ಪತ್ರೆ. ನಡೆಯುತ್ತಾನೆ, ಮಾತಾಡುತ್ತಾನೆ, ಲೆಕ್ಕ ತಪ್ಪುವುದಿಲ್ಲ. ಮೂಗಿಗೆ ವಾಸನೆ ಮಾತ್ರ ಹೋಯಿತು. ತಲೆಯ ಏಟಿಗೆ ಹಾಗಾಗುತ್ತದಂತೆ, ಮೂಗಿನ ಮೇಲಿನ ಸೂಕ್ಷ್ಮ ನರಗಳು ಹರಿದುಹೋಗುತ್ತವಂತೆ. ಅಡುಗೆಮನೆಯಲ್ಲಿ ಹಾಲು ಸೀದರೆ ತಿಳಿಯುವುದಿಲ್ಲ. ಹೆಂಡತಿ ಮಾಡಿದ ಸಾರಿಗೆ ಇಂಗಿನ ಒಗ್ಗರಣೆ ಬಿದ್ದಿದೆಯೋ ಇಲ್ಲವೋ ಹೇಳಲಾರ. ಎರಡು ಎಕರೆ ಚೆಂಡುಹೂವಿನ ನಡುವೆ ನಿಂತವನಿಗೆ ಅದು ಬರೀ ಹಳದಿ ಬಣ್ಣ. ಇದನ್ನು ಯಾರ ಹತ್ತಿರವೂ ಆಡುವುದಿಲ್ಲ. ಮಗನ ಹತ್ತಿರವೂ ಆಡಿರಲಿಲ್ಲ. ಆ ನಾಲ್ಕು ದಿನದಲ್ಲಿ ನಾನು ಹೇಳಿದ್ದೇ ಮೊದಲು. ಹುಡುಗ ಲ್ಯಾಪ್‌ಟಾಪ್ ಮುಚ್ಚಿ ಬಹಳ ಹೊತ್ತು ಬೊಂತೆಯ ನೂಲು ಕೀಳುತ್ತಾ ಕುಳಿತಿದ್ದ.

ಬೈಕ್ ಬಂತು. ಬೇಡವೆನ್ನಲು ನಾವ್ಯಾರು? ನಮ್ಮ ಊರುಗಳ ನಡುವೆ ಬಸ್ಸಿಗೆ ಕಾದವರಿಗೆ ಗೊತ್ತು. ಗಾಡಿಗೂ ಮೊದಲು ಹೆಲ್ಮೆಟ್ ಎಂದು ಷರತ್ತು ಹಾಕಿದ್ದೆ. ಭಾನುವಾರ ಬೆಳಿಗ್ಗೆ ತಮ್ಮ ಬಂದ, ಮೂವರೂ ಅಂಗಡಿಗೆ ಹೋದೆವು. 2021ರ ಜೂನ್‌ನಿಂದ ಐಎಸ್‌ಐ ಗುರುತಿಲ್ಲದ್ದನ್ನು ಮಾರುವಂತಿಲ್ಲ ಎಂದು ಕಾನೂನಿದ್ದರೂ ಅರ್ಧದ ಬೋಗುಣಿಗಳು ಮೂಲೆಯಲ್ಲಿ ಸಾಲಾಗಿ ತೂಗುತ್ತಿದ್ದವು. ಅಂಗಡಿಯ ಹುಡುಗ, "ಅಣ್ಣ, ಲೋಕಲ್ ಓಡಾಟಕ್ಕೆ ಹಾಫ್ ಸಾಕಲ್ವಾ? ಹಗುರ" ಎಂದು ಒಂದನ್ನು ಕೆಳಗಿಳಿಸಿದ. ನಾನು ಬಾಯಿ ತೆಗೆಯುವ ಮೊದಲೇ ನನ್ನ ಸೋದರಳಿಯ ಮುಖ ಪೂರ್ತಿ ಮುಚ್ಚುವ ಎರಡನ್ನು ಎತ್ತಿ ಎರಡೂ ಕೈಯಲ್ಲಿ ತೂಗಿ ನೋಡುತ್ತಿದ್ದ.

ತಮ್ಮ ಮಾತಾಡದೆ ಅವುಗಳಲ್ಲಿ ಒಂದನ್ನು ತೆಗೆದುಕೊಂಡ. ಹೊರಗಿನ ಹೊಳಪನ್ನು ನೋಡಲಿಲ್ಲ. ಬೋರಲು ಹಾಕಿ, ಒಳಗಿನ ಬಟ್ಟೆಯನ್ನು ಸರಿಸಿ, ಅದರ ಕೆಳಗಿನ ಥರ್ಮೋಕೋಲಿನ ದಪ್ಪವನ್ನು ಹೆಬ್ಬೆರಳಿನಿಂದ ಸುತ್ತಲೂ ಒತ್ತಿ ಒತ್ತಿ ನೋಡಿದ. ಆಮೇಲೆ ಗಲ್ಲದ ಪಟ್ಟಿಯನ್ನು ಎರಡು ಸಲ ಜಗ್ಗಿದ. "ಇದು ಎಷ್ಟು?" ಎಂದ.